ಚೆಂಡಿಗೆ ಇಲ್ಲದ ಮೈಲಿಗೆ ಚಹಾದ ಕಪ್ಪಿಗೆ ಯಾಕೆ?

(ಬಾಳೂ ಪಾಲವಣಕರ ಮತ್ತು ಅವರ ತಮ್ಮಂದಿರ ಬಗ್ಗೆ ಬೆಳಗಾವಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಖಾನಾಪುರದಿಂದ ಬಂದಿದ್ದ ಹುಡುಗರು ಬರಹದಲ್ಲಿ ಬೇಕು ಅಂತ ಕೇಳಿದ್ದಕ್ಕೆ ಇಲ್ಲಿ ಕೊಡುತ್ತಿದ್ದೇವೆ. ಮಾತಿನ ಧಾಟಿಯನ್ನು ತಿದ್ದಿಲ್ಲ.)



ಇವತ್ತು ಕ್ರಿಕೆಟ್ ಬಗ್ಗೆ ಮಾತಾಡ್ತೀವಿ ಅಂದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ನಗಬೇಕಾದ್ದೇ. ಸ್ಕಾಲರ್‌ಶಿಪ್ ಬಂದಿಲ್ಲ, ಸಾರಿನಲ್ಲಿ ಬೇಳೆ ಹುಡುಕಬೇಕು, ಊರಲ್ಲಿ ಅಪ್ಪನ ಜಮೀನಿನ ಕೇಸು ಕೋರ್ಟಿನಲ್ಲಿ ಕೊಳೀತಾ ಬಿದ್ದದೆ. ಇಂಥಾದ್ದರ ನಡುವೆ ಈ ಬ್ಯಾಟು ಬಾಲಿನ ಪುರಾಣ ಯಾಕೆ ಅಂತ ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಆದರೂ ಕೂತು ಕೇಳಿ. ನಾವು ಹೇಳಲಿಕ್ಕೆ ಹೊರಟಿರೋದು ಬರೀ ಆಟದ ಕಥೆ ಅಲ್ಲ, ಒಂದು ಚಹಾದ ಕಪ್ಪಿನ ಕಥೆ. ಅದು ಮುಗಿಯುವ ಹೊತ್ತಿಗೆ ಮೀಸಲಾತಿಗೂ ಬರ್ತೀವಿ, ಬಾಬಾಸಾಹೇಬರಿಗೂ ಬರ್ತೀವಿ, ನಿಮ್ಮ ಹಾಸ್ಟೆಲ್ಲಿನ ಊಟದ ಸಾಲಿಗೂ ಬರ್ತೀವಿ.

ಮೊದಲು ನಮ್ಮದೇ ಒಂದು ಅನುಭವ. ಕೆಲವು ವರ್ಷಗಳ ಹಿಂದೆ ನಾವು ಹತ್ತು ಹನ್ನೆರಡು ಹುಡುಗರು ಖಾನಾಪುರ ತಾಲೂಕಿನ ಒಂದು ಹಳ್ಳಿಗೆ ಟೆನಿಸ್ ಬಾಲ್ ಪಂದ್ಯ ಆಡಲಿಕ್ಕೆ ಹೋಗಿದ್ದೆವು. ಊರಿನ ಹೆಸರು ಬೇಡ. ಹೆಸರು ಹೇಳಿದರೆ ಉಳಿದ ಊರುಗಳೆಲ್ಲ ಒಳ್ಳೆಯವು ಅಂತ ಆಗ್ತದೆ. ಭತ್ತ ಕೊಯ್ದ ಗದ್ದೆಯನ್ನೇ ಸವರಿ ಮೈದಾನ ಮಾಡಿದ್ದರು. ನಮ್ಮ ಕಡೆಯ ಒಬ್ಬ ಹುಡುಗ ಅವತ್ತು ನಾಲ್ಕು ವಿಕೆಟ್ ತೆಗೆದ. ಆ ಊರಿನವರೇ ಬಂದು ಬೆನ್ನು ಚಪ್ಪರಿಸಿ "ಭಲೇ ತಮ್ಮಾ" ಅಂದರು. ಆಮೇಲೆ ಚಹಾ ಬಂತು. ಅವರಿಗೆಲ್ಲಾ ಸ್ಟೀಲ್ ಲೋಟದಲ್ಲಿ. ನಮಗೆ ಕಾಗದದ ಕಪ್ಪಿನಲ್ಲಿ. ಯಾರೂ ಒಂದು ಮಾತು ಹೆಚ್ಚುಕಡಿಮೆ ಆಡಲಿಲ್ಲ. ಊಟದ ಹೊತ್ತಿಗೆ ಹಿರಿಯರೊಬ್ಬರು ಬಂದು ಬಾಳ ಪ್ರೀತಿಯಿಂದ "ನಿಮಗ ಪಾರ್ಸಲ್ ಕಟ್ಟಿಸೇವಿ ತಮ್ಮಾ, ಹಾದ್ಯಾಗ ಉಣ್ರಿ, ಬಸ್ ತಪ್ಪೀತು" ಅಂದರು. ಬಸ್ಸಿಗೆ ಇನ್ನೂ ಎರಡು ತಾಸು ಇತ್ತು.

ಮಲಪ್ರಭೆಯ ದಂಡೆಯಲ್ಲಿ ಕೂತು ಆ ಪಾರ್ಸಲ್ ಬಿಚ್ಚಿದೆವು. ನಾಲ್ಕು ವಿಕೆಟ್ ತೆಗೆದ ಹುಡುಗ ಉಣ್ಣಲಿಲ್ಲ. "ಚೆಂಡಿಗೆ ನನ್ನ ಬೆವರ ಹತ್ತಿತ್ತು. ಅದನ್ನ ಅವರು ಕೈಯಾಗ ಹಿಡಿದ್ರು, ಕೂಗಿ ಕುಣದ್ರು. ಚೆಂಡಿಗೆ ಇಲ್ಲದ ಮೈಲಿಗಿ ಕಪ್ಪಿಗೆ ಯಾಕ?" ಅಂತ ಕೇಳಿದ. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಈ ಪ್ರಶ್ನೆಗೆ ನೂರಾ ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ. ಅದು ಮೊದಲು ಎದ್ದದ್ದು ಪುಣೆಯ ಮೈದಾನದಲ್ಲಿ. ಯಾರ ಸಲುವಾಗಿ ಎದ್ದಿತೋ ಆ ಮನುಷ್ಯ ಹುಟ್ಟಿದ್ದು ಇಲ್ಲೇ ಮಗ್ಗುಲಲ್ಲಿ, ಧಾರವಾಡದಲ್ಲಿ. ಅವರ ಹೆಸರು ಬಾಳೂ ಪಾಲವಣಕರ. ನಿಮ್ಮಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದೀರಿ? ಕೈ ಎತ್ತಿ ನೋಡೋಣ... ಇಬ್ಬರು. ಐಪಿಎಲ್ಲಿನಲ್ಲಿ ಯಾವ ಆಟಗಾರ ಎಷ್ಟು ಕೋಟಿಗೆ ಹರಾಜಾದ ಅನ್ನೋದು ನಿಮಗೆಲ್ಲಾ ಬಾಯಿಪಾಠ. ಈ ದೇಶದ ಮೊದಲ ದೊಡ್ಡ ಬೌಲರ್ ನಮ್ಮವರು, ನಮ್ಮ ಸೀಮೆಯಲ್ಲಿ ಹುಟ್ಟಿದವರು ಅನ್ನೋದು ಗೊತ್ತಿಲ್ಲ. ತಪ್ಪು ನಿಮ್ಮದಲ್ಲ. ನಮಗೂ ಯಾರೂ ಹೇಳಿರಲಿಲ್ಲ. ರಾಮಚಂದ್ರ ಗುಹಾ ಅವರು 2002ರಲ್ಲಿ ಭಾರತದ ಕ್ರಿಕೆಟ್ಟಿನ ಚರಿತ್ರೆ ಬರೆದು ಈ ಕುಟುಂಬದ ಕಥೆಯನ್ನು ವಿಸ್ತಾರವಾಗಿ ಹೇಳುವ ತನಕ ಅದು ಹಳೇ ಪೇಪರುಗಳಲ್ಲಿ ಧೂಳು ತಿನ್ನುತ್ತಾ ಇತ್ತು.

ಬಾಳೂ ಹುಟ್ಟಿದ್ದು 1875-76ರ ಸುಮಾರಿಗೆ. ಜಾತಿಯಿಂದ ಚಮ್ಮಾರರು, ನಮ್ಮ ಕಡೆ ಸಮಗಾರ ಅಂತೀವಲ್ಲ, ಅವರು. ಮನೆತನದ ಮೂಲ ಕೊಂಕಣದ ರತ್ನಾಗಿರಿ ಸೀಮೆಯ ಪಾಲವಣ ಅನ್ನುವ ಹಳ್ಳಿ. ಅದರಿಂದಲೇ ಪಾಲವಣಕರ ಅನ್ನುವ ಅಡ್ಡಹೆಸರು. ತಂದೆಗೆ ಸೈನ್ಯದಲ್ಲಿ ನೌಕರಿ. ಬಾಬಾಸಾಹೇಬರ ತಂದೆ ಸುಭೇದಾರ ರಾಮಜಿಯವರೂ ಸೈನ್ಯದಲ್ಲಿದ್ದವರೇ. ಊರಲ್ಲಿ ಕೇರಿಯ ಆಚೆ ಕಾಲಿಡಲಿಕ್ಕೆ ಆಗದವರಿಗೆ ಪಲ್ಟನ್ನಿನಲ್ಲಿ ಒಂದಿಷ್ಟು ಗಾಳಿ, ಒಂದಿಷ್ಟು ಅಕ್ಷರ ಸಿಕ್ಕಿತ್ತು. 1890ರ ದಶಕದಲ್ಲಿ ಬ್ರಿಟಿಷರು ಮಹಾರರ ಭರ್ತಿಯನ್ನು ನಿಲ್ಲಿಸಿ ಆ ಬಾಗಿಲನ್ನೂ ಮುಚ್ಚಿದರು. ಮಹಾರ್ ರೆಜಿಮೆಂಟಿನ ಮೊದಲ ಬಟಾಲಿಯನ್ ಎದ್ದು ನಿಂತದ್ದು 1941ರ ಅಕ್ಟೋಬರಿನಲ್ಲಿ, ಇದೇ ಬೆಳಗಾವಿಯಲ್ಲಿ. ಕ್ಯಾಂಪಿನ ರಸ್ತೆಯಲ್ಲಿ ಅಡ್ಡಾಡುವಾಗ ಇದನ್ನೂ ನೆನಪಿಡಿ.

ಬಾಳೂ ಮತ್ತು ತಮ್ಮ ಶಿವರಾಮ ಪುಣೆಯಲ್ಲಿ ಆಟ ಕಲಿತರು. ಹೇಗೆ? ಬಿಳಿ ಆಫೀಸರುಗಳು ಆಡಿ ಬಿಟ್ಟುಹೋದ ಹಳೇ ಬ್ಯಾಟು, ಹಳೇ ಚೆಂಡಿನಿಂದ. ಬಾಳೂಗೆ ಮೊದಲ ನೌಕರಿ ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸೋದು, ರೋಲರ್ ಎಳೆಯೋದು. ಪಗಾರ ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಬಿಳಿಯರ ಪೂನಾ ಕ್ಲಬ್ಬಿಗೆ ಹೋದರು. ಅಲ್ಲಿ 4 ರೂಪಾಯಿ. ಬಲೆ ಕಟ್ಟೋದು, ಗೆರೆ ಎಳೆಯೋದು, ನೆಲ ನೋಡಿಕೊಳ್ಳೋದು. ಒಬ್ಬ ಸಾಹೇಬ ಒಂದಿನ "ಬಾ, ನನಗೆ ಚೆಂಡು ಹಾಕು" ಅಂದ. ಈ ಹುಡುಗ ಎಡಗೈಯಿಂದ ಹಾಕಿದ. ಚೆಂಡು ಬಿದ್ದಲ್ಲಿಂದ ತಿರುಗಿತು. ಅಲ್ಲಿಂದ ಅವರು ಗುಡಿಸುವವರಷ್ಟೇ ಅಲ್ಲ, ಬೌಲರೂ ಆದರು.

ಆ ಕ್ಲಬ್ಬಿನಲ್ಲಿ ಗ್ರೇಗ್ ಅನ್ನುವ ಕ್ಯಾಪ್ಟನ್ ಇದ್ದ. ಬ್ಯಾಟಿಂಗಿನಲ್ಲಿ ದೊಡ್ಡ ಹೆಸರು. ದಿನಾ ಬೇರೆಯವರಿಗಿಂತ ಒಂದು ತಾಸು ಮುಂಚೆ ಬಂದು ಬಾಳೂ ಕಡೆಯಿಂದ ಬೌಲಿಂಗ್ ಮಾಡಿಸಿಕೊಳ್ಳುತ್ತಿದ್ದ. ಒಂದು ಸಲ ಔಟ್ ಮಾಡಿದರೆ ಎಂಟಾಣೆ ಇನಾಮು. ಲೆಕ್ಕ ಹಾಕಿ ನೋಡ್ರಿ. ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಪಗಾರ ಬಂತು. ಕ್ರಿಕೆಟ್ಟಿನಿಂದ ಹೊಟ್ಟೆ ಹೊರೆದ ಈ ದೇಶದ ಮೊದಮೊದಲ ಆಟಗಾರರಲ್ಲಿ ಒಬ್ಬರ ಕಥೆ ಹೀಗೆ ಎಂಟಾಣೆಯ ಲೆಕ್ಕದಲ್ಲಿ ಸುರುವಾಗ್ತದೆ. ಇನ್ನೊಂದು ಮಾತು ಇದರಲ್ಲೇ ಅಡಗಿದೆ. ನೂರಾರು ತಾಸು ಬೌಲಿಂಗ್ ಮಾಡಿದ ಆ ಹುಡುಗನ ಕೈಗೆ ಆ ಬಲೆಯೊಳಗೆ ಒಂದು ಸಲವೂ ಬ್ಯಾಟ್ ಕೊಡಲಿಲ್ಲ. ಬ್ಯಾಟು ಸಾಹೇಬರ ಕೆಲಸ, ಚೆಂಡು ಎಸೆಯೋದು ಆಳಿನ ಕೆಲಸ. ಇಂಗ್ಲೆಂಡಿನಲ್ಲೇ ಹಾಗಿತ್ತು. ದುಡ್ಡಿಗೆ ಆಡುವವನು ಬರೀ "ಪ್ಲೇಯರ್", ದುಡ್ಡಿಲ್ಲದೆ ಆಡುವ ಉಳ್ಳವನು "ಜಂಟಲ್‌ಮನ್". ಆ ಭೇದವನ್ನು ಅವರು ಕಿತ್ತುಹಾಕಿದ್ದು 1962ರಲ್ಲಿ. ನಮ್ಮಲ್ಲಿ ಆ ವರ್ಗಭೇದದ ಮೇಲೆ ಜಾತಿಯನ್ನೂ ಹೇರಿದರು.

ಪುಣೆಯ ಹಿಂದೂಗಳಿಗೆ ಬಿಳಿಯರನ್ನು ಸೋಲಿಸುವ ಆಸೆ. ಸೋಲಿಸಬಲ್ಲ ಬೌಲರ್ ಇದ್ದಾನೆ, ಆದರೆ ಅಸ್ಪೃಶ್ಯ. ತಂಡದೊಳಗೆ ಜಗಳ ಹತ್ತಿತು. ತೆಲುಗು ಆಟಗಾರರು ಕರೆಯೋಣ ಅಂದರು. ಮರಾಠಿ ಬ್ರಾಹ್ಮಣರು ಒಲ್ಲೆ ಅಂದರು. ಬಾಳೂವನ್ನು ಬಿಟ್ಟರೆ ಹಿಂದೂಗಳು ಮೂರ್ಖರು ಅಂತ ಆ ಗ್ರೇಗ್ ಸಾಹೇಬನೇ ಪೇಪರಿನವರ ಮುಂದೆ ಹೇಳಬೇಕಾಯಿತು. ಕೊನೆಗೆ ಸೇರಿಸಿಕೊಂಡರು. ಹೇಗೆ ಸೇರಿಸಿಕೊಂಡರು ಕೇಳಿ. ಮೈದಾನದ ಒಳಗೆ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಉಳಿದವರು ಒಳಗೆ ಕೂತು ಪಿಂಗಾಣಿ ಕಪ್ಪಿನಲ್ಲಿ ಕುಡಿಯುತ್ತಿದ್ದರು. ಬಾಳೂಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಒಡೆದು ಹಾಕುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಮುಖ ತೊಳೆಯಬೇಕಾದರೆ ಮೈದಾನದ ಮೂಲೆಯಲ್ಲಿ ಅಸ್ಪೃಶ್ಯ ಆಳೊಬ್ಬ ನೀರು ಕೊಡಬೇಕು. ಊಟಕ್ಕೆ ಬೇರೆ ತಾಟು, ಬೇರೆ ಮೇಜು.

ಖಾನಾಪುರದ ತಮ್ಮಂದಿರಿಗೆ ಒಂದು ಮಾತು. ನಿಮ್ಮೂರಿನ ಮಣ್ಣು ಹೆಂಚಿಗೆ, ಮಡಕೆಗೆ ಹೆಸರಾದದ್ದು. ಕುಂಬಾರಿಕೆ ಕಲಿಸುವ ಸರ್ಕಾರಿ ಸಂಸ್ಥೆಯೂ ನಿಮ್ಮಲ್ಲಿದೆ. ಮಣ್ಣಿನ ಕುಡಿಕೆಯಲ್ಲಿ ಕುಡಿದರೆ ಚಹಾ ಬಾಳ ರುಚಿ, ಅದರಲ್ಲಿ ತಪ್ಪಿಲ್ಲ. ಈಗ ಪೇಟೆಯಲ್ಲಿ ಅದಕ್ಕೆ ಹೆಚ್ಚು ರೊಕ್ಕ ಕೊಟ್ಟು ಕುಡಿಯುವವರೂ ಇದ್ದಾರೆ. ಮಣ್ಣು ಕೆಟ್ಟದ್ದಲ್ಲ. ಒಬ್ಬನಿಗೆ ಮಾತ್ರ ಅದನ್ನು ಕೊಟ್ಟು, ಅವನ ತುಟಿ ತಾಗಿತು ಅಂತ ಒಡೆಯುವುದು ಕೆಟ್ಟದ್ದು. ಅವತ್ತಿನ ಮಣ್ಣಿನ ಕುಡಿಕೆಯೇ ಇವತ್ತಿನ ಕಾಗದದ ಕಪ್ಪು. ಅವತ್ತಿನ ಬೇರೆ ತಾಟೇ ಇವತ್ತಿನ ಪಾರ್ಸಲ್.

ಆ ಚೆಂಡನ್ನೂ ಸ್ವಲ್ಪ ನೋಡಿ. ಕ್ರಿಕೆಟ್ ಚೆಂಡು ಅಂದರೆ ಏನು? ಚರ್ಮ. ಸತ್ತ ದನದ ಚರ್ಮ ಸುಲಿದು, ಹದ ಮಾಡಿ, ಹೊಲಿದು ಮಾಡಿದ್ದು. ಅದೇ ಚರ್ಮವನ್ನು ಮುಟ್ಟಿದ್ದಕ್ಕೆ ನಮ್ಮ ಅಥಣಿಯ ಸಮಗಾರ ಹೀನ ಜಾತಿಯವನಾದ. ಅವನು ಹೊಲಿದ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅದೂ ಕೊಲ್ಹಾಪುರಿ ಚಪ್ಪಲಿ ಅನ್ನುವ ಹೆಸರಿನಲ್ಲಿ. ಚರ್ಮ ದುಂಡಗಾಗಿ ಕೆಂಪಗಾದರೆ ಮಡಿವಂತರ ಕೈಯಲ್ಲಿ ಆಡ್ತದೆ, ಅದನ್ನು ಹದ ಮಾಡಿದವನ ಕೈ ಮಾತ್ರ ಮೈಲಿಗೆ. ಮೈಲಿಗೆ ವಸ್ತುವಿನಲ್ಲಿ ಇರೋದಿಲ್ಲ ಗೆಳೆಯರೆ. ಯಾರನ್ನು ದೂರ ಇಡಬೇಕು ಅನ್ನೋದು ಮೊದಲು ತೀರ್ಮಾನ ಆಗಿರ್ತದೆ, ಮೈಲಿಗೆ ಅನ್ನುವ ನೆಪವನ್ನು ಆಮೇಲೆ ಹುಡುಕ್ತಾರೆ.

ಬಾಳೂ ಸೇರಿದ ಮೇಲೆ ಹಿಂದೂಗಳು ಗೆಲ್ಲಲಿಕ್ಕೆ ಹತ್ತಿದರು. ಸಾತಾರಾದಲ್ಲಿ ಬಿಳಿಯರ ಜಿಮಖಾನಾದವರು ಬಾಳೂ ಚೆಂಡು ತಿರುಗಬಾರದು ಅಂತ ಒಂದು ವಾರ ಪಿಚ್ಚಿನ ಮೇಲೆ ರೋಲರ್ ಎಳೆಸಿ ಗಟ್ಟಿ ಮಾಡಿಸಿದರಂತೆ. ಆದರೂ ಬಾಳೂ ಏಳು ವಿಕೆಟ್ ಕಿತ್ತರು. ಅವರ ಜೊತೆ ಆಡಬಹುದಾದರೆ ಅವರ ಜೊತೆ ಉಣ್ಣಲೂಬಹುದು ಅನ್ನುವ ಅರ್ಥದ ಮಾತನ್ನು ನ್ಯಾಯಮೂರ್ತಿ ರಾನಡೆ ಬಹಿರಂಗವಾಗಿ ಆಡಿದರು. 1896ರಿಂದ ಪ್ಲೇಗು ಹರಡಿತು. ಬಾಳೂ ಮುಂಬೈಗೆ ಹೋದರು. ಸ್ವಲ್ಪ ಕಾಲ ಸೈನ್ಯ, ಆಮೇಲೆ ರೈಲ್ವೆ ಕಂಪನಿಯಲ್ಲಿ ನೌಕರಿ, ರಜೆಯಲ್ಲಿ ಹಿಂದೂ ಜಿಮಖಾನಾದ ಪರ ಆಟ. ಮುಂಬೈಯಲ್ಲಿ ಅವರನ್ನು ಊಟದ ಮನೆಯ ಒಳಗೆ ಬಿಟ್ಟುಕೊಂಡರು. ಹತ್ತು ವರ್ಷದ ವಿಕೆಟ್ಟುಗಳು ಸೇರಿ ಒಂದು ಕುರ್ಚಿ ಕೊಡಿಸಿದವು.

1906ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ಹಿಂದೂಗಳಿಗೂ ಯುರೋಪಿಯನ್ನರಿಗೂ ದೊಡ್ಡ ಪಂದ್ಯ. ಹಿಂದೂಗಳು 242 ಮತ್ತು 160. ಬಿಳಿಯರು 191 ಮತ್ತು 102. 109 ರನ್ನುಗಳ ಗೆಲುವು. ಬಾಳೂ ಎರಡೂ ಇನಿಂಗ್ಸ್ ಸೇರಿಸಿ ಎಂಟು ವಿಕೆಟ್ ತೆಗೆದರು. ತಮ್ಮ ಶಿವರಾಮನೂ ಆ ತಂಡದಲ್ಲಿದ್ದರು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಇಬ್ಬರೂ ಅಣ್ಣತಮ್ಮಂದಿರು ಹಡಗು ಹತ್ತಿದರು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಬಾಳೂ ಒಬ್ಬರೇ 114 ವಿಕೆಟ್ ತೆಗೆದರು, ಒಂದೊಂದು ವಿಕೆಟ್ಟಿಗೆ 19ಕ್ಕಿಂತ ಕಡಿಮೆ ರನ್ನು ಕೊಟ್ಟು. ಆಗ ಅವರಿಗೆ ಮೂವತ್ತೈದು ದಾಟುವ ವಯಸ್ಸು. ಪ್ರಥಮ ದರ್ಜೆಯ ಇಡೀ ಲೆಕ್ಕ ತೆಗೆದರೆ 33 ಪಂದ್ಯ, 179 ವಿಕೆಟ್, ಸರಾಸರಿ 15.21. ಕ್ರಿಕೆಟ್ ತಿಳಿದವರಿಗೆ ಈ ಅಂಕಿಯೇ ಸಾಕು.

ವಾಪಸ್ ಬಂದಾಗ ಮುಂಬೈಯ ನಮ್ಮ ಜನ ಸೇರಿ ಸನ್ಮಾನ ಮಾಡಿದರು. ಆ ಸನ್ಮಾನದ ಕೆಲಸದಲ್ಲಿ ಕೈಜೋಡಿಸಿದವರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದ ಇಪ್ಪತ್ತು ವರ್ಷದ ಒಬ್ಬ ವಿದ್ಯಾರ್ಥಿ ಇದ್ದರು. ಹೆಸರು ಭೀಮರಾವ್ ರಾಮಜಿ ಅಂಬೇಡ್ಕರ್. ನಿಮ್ಮ ವಯಸ್ಸಿನಲ್ಲಿ ಬಾಬಾಸಾಹೇಬರಿಗೂ ಒಬ್ಬ ಕ್ರಿಕೆಟ್ ಹೀರೋ ಇದ್ದರು ಅಂತ ತಿಳೀರಿ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಪಾಲವಣಕರ ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರು: ಬಾಳೂ, ಶಿವರಾಮ, ಗಣಪತ, ವಿಠ್ಠಲ. ನಾಲ್ವರೂ ಹಿಂದೂ ತಂಡಕ್ಕೆ ಆಡಿದರು. ಗಣಪತ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ತಮ್ಮ ವಿಠ್ಠಲ ಬೌಲರ್ ಅಲ್ಲ, ಬ್ಯಾಟ್ಸ್‌ಮನ್. ಅಣ್ಣನ ಕೈಗೆ ಪೂನಾ ಕ್ಲಬ್ಬಿನವರು ಕೊಡದ ಬ್ಯಾಟು ತಮ್ಮನ ಕೈಯಲ್ಲಿ ಮಾತಾಡಿತು. ಆ ಕಾಲದ ಹಿಂದೂ ತಂಡದ ಬಲವೇ ಈ ಮನೆ ಅಂದರೂ ನಡೆದೀತು. ಆದರೆ ನಾಯಕತ್ವ? ಅದು ಈ ಮನೆಗೆ ಬರಲಿಲ್ಲ. 1913ರಲ್ಲಿ ಎಂ.ಡಿ. ಪೈ ನಾಯಕರಾದರು. ಅವರು ಒಳ್ಳೇ ಮನುಷ್ಯ. ಈ ಗೌರವ ಹಿರಿಯರಾದ ಬಾಳೂಗೆ ಸಲ್ಲಬೇಕಿತ್ತು ಅಂತ ತಾವೇ ಸಭೆಯಲ್ಲಿ ಹೇಳಿದರು. ಹೇಳಿದರು, ಆದರೆ ಕೊಡುವ ಅಧಿಕಾರ ಇದ್ದದ್ದು ಆರಿಸುವ ಕಮಿಟಿಗೆ. ಒಬ್ಬ ಒಳ್ಳೆಯವನ ಬಾಯಿಮಾತಿನಿಂದ ವ್ಯವಸ್ಥೆ ಬದಲಾಗೋದಿಲ್ಲ.

1920ರಲ್ಲಿ ಬಾಳೂವನ್ನು ತಂಡದಿಂದಲೇ ಬಿಟ್ಟರು. ಪೈ ಅವರಿಗೆ ಮೈಯಲ್ಲಿ ಹುಷಾರಿಲ್ಲದಾಗ ನಾಯಕತ್ವ ವಿಠ್ಠಲರಿಗೆ ಬರಲಿಲ್ಲ. ಅನುಭವದಲ್ಲಿ ಕಿರಿಯರಾದ ಡಿ.ಬಿ. ದೇವಧರರಿಗೆ ಹೋಯಿತು. ಆಗ ವಿಠ್ಠಲ ಮತ್ತು ಶಿವರಾಮ ಏನು ಮಾಡಿದರು? ಮನೆಯಲ್ಲಿ ಕೂತು ಮರುಗಲಿಲ್ಲ. ನಾವು ಆಡೋದಿಲ್ಲ ಅಂದರು. ಯಾಕೆ ಆಡೋದಿಲ್ಲ, ಜಾತಿಯ ಕಾರಣಕ್ಕೆ ನಮಗೆ ಏನು ಅನ್ಯಾಯ ಆಗಿದೆ ಅನ್ನೋದನ್ನು ಊರಿಗೆಲ್ಲಾ ಕೇಳುವ ಹಾಗೆ ಪ್ರಕಟಣೆ ಕೊಟ್ಟು ಹೇಳಿದರು. ಪೇಪರಿನಲ್ಲಿ ಚರ್ಚೆ ಎದ್ದಿತು. ಕಮಿಟಿಯವರು ಇಳಿದು ಬಂದರು. ಪಾರ್ಸಿಗಳ ಮೇಲಿನ ಪಂದ್ಯಕ್ಕೆ ಅಣ್ಣತಮ್ಮಂದಿರನ್ನು ವಾಪಸ್ ಕರೆದರು. ಬಾಳೂ ಉಪನಾಯಕರಾದರು. ಮೂರು ವರ್ಷದ ಮೇಲೆ, 1923ರಲ್ಲಿ, ವಿಠ್ಠಲ ನಾಯಕರಾದರು. ಅದೇ ವರ್ಷ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿ ಚತುಷ್ಕೋನ ಪಂದ್ಯಾವಳಿ ಗೆದ್ದರು. ಮೇಲ್ಜಾತಿಯ ಹುಡುಗರೇ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಕುಣಿದರು.

ತಮ್ಮಂದಿರೆ, ಇದನ್ನು ಗಟ್ಟಿಯಾಗಿ ತಲೆಯಲ್ಲಿ ಇಟ್ಟುಕೊಳ್ಳಿ. ನಿಮ್ಮ ಕಾಲೇಜಿನಲ್ಲಿ ದಿನಾ ಕೇಳ್ತೀರಿ: "ಪ್ರತಿಭೆ ಇದ್ದರೆ ಸಾಕು, ಮೀಸಲಾತಿ ಯಾಕೆ? ಕ್ರಿಕೆಟ್ಟಿನಲ್ಲಿ ಮೀಸಲಾತಿ ಇದೆಯೇ?" ಹಾಗೆ ಕೇಳಿದವರಿಗೆ ಪಾಲವಣಕರರ ಕಥೆ ಹೇಳಿ. ಪ್ರತಿಭೆ ಇದ್ದವರೇ ಅಲ್ಲವೇ ಬಾಳೂ? 114 ವಿಕೆಟ್ ಪ್ರತಿಭೆ ಅಲ್ಲವೇ? ಆ ಪ್ರತಿಭೆ ಅವರಿಗೆ ಕೆಲಸ ಕೊಟ್ಟಿತು, ಚಪ್ಪಾಳೆ ಕೊಟ್ಟಿತು, ಬಹಳ ಕಾಲ ಕಾದ ಮೇಲೆ ಊಟದ ಮನೆಯಲ್ಲಿ ಕುರ್ಚಿ ಕೊಟ್ಟಿತು. ನಾಯಕತ್ವ ಕೊಡಲಿಲ್ಲ. ನಾಯಕತ್ವದ ಬಾಗಿಲು ಅಲುಗಾಡಿದ್ದು ಅಣ್ಣತಮ್ಮಂದಿರು ಸೇರಿ "ಆಡೋದಿಲ್ಲ" ಅಂದಾಗ. ಪ್ರತಿಭೆ ಬೇಕು, ಬೇಡ ಅನ್ನೋದಿಲ್ಲ. ಪ್ರತಿಭೆ ಇಲ್ಲದವರು ಆಡೋದಿಲ್ಲ ಅಂದಿದ್ದರೆ ಯಾರೂ ಹೆದರುತ್ತಿರಲಿಲ್ಲ. ಆದರೆ ಪ್ರತಿಭೆ ಒಂದೇ ಸಾಲದು. ಅದರ ಹಿಂದೆ ಒಗ್ಗಟ್ಟು ಇರಬೇಕು, ಬಾಯಿ ಇರಬೇಕು.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕಾದಲ್ಲಿ ಬೇಸ್‌ಬಾಲ್ ಅಂತ ಒಂದು ಆಟ. ಅವರಿಗೆ ಅದು ನಮಗೆ ಕ್ರಿಕೆಟ್ ಇದ್ದ ಹಾಗೆ. ಮೋಸೆಸ್ ಫ್ಲೀಟ್‌ವುಡ್ ವಾಕರ್ ಅನ್ನುವ ಕರಿಯರ ಹುಡುಗ 1856ರಲ್ಲಿ ಓಹಾಯೋದಲ್ಲಿ ಹುಟ್ಟಿದ. ಕಾಲೇಜು ಓದಿದವ. 1884ರಲ್ಲಿ ಟೊಲೀಡೊ ಊರಿನ ತಂಡಕ್ಕೆ ಪಗಾರದ ಮೇಲೆ 42 ಪಂದ್ಯ ಆಡಿದ. ಅವನ ತಮ್ಮ ವೆಲ್ಡಿಯೂ ಅದೇ ತಂಡದಲ್ಲಿ ಕೆಲವು ಪಂದ್ಯ ಆಡಿದ. ವಾಕರನದು ಕ್ಯಾಚರ್ ಕೆಲಸ, ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಆ ಕಾಲದಲ್ಲಿ ಸರಿಯಾದ ಕೈಗವಸೂ ಇರಲಿಲ್ಲ. ಚೆಂಡು ಎಸೆಯುವವನಿಗೆ ಕ್ಯಾಚರ್ ಸನ್ನೆ ಮಾಡಿ ಹೇಳಬೇಕು. ಆ ತಂಡದ ಬಿಳಿ ಎಸೆತಗಾರ, ಕರಿಯನ ಸನ್ನೆ ಪಾಲಿಸೋದಿಲ್ಲ ಅಂತ ತನಗೆ ತೋಚಿದ ಹಾಗೆ ಎಸೆಯುತ್ತಿದ್ದ. ವಾಕರ್ ಸನ್ನೆ ಇಲ್ಲದೆ, ಬರಿಗೈಯಲ್ಲಿ ಹಿಡಿಯುತ್ತಿದ್ದ. ತಾನು ಕಂಡ ಕ್ಯಾಚರುಗಳಲ್ಲೇ ಅವನು ಉತ್ತಮ ಅಂತ ಅದೇ ಎಸೆತಗಾರ ಎಷ್ಟೋ ವರ್ಷದ ಮೇಲೆ ಒಪ್ಪಿಕೊಂಡ. 1887ರಲ್ಲಿ ಅಲ್ಲಿಯ ಒಂದು ದೊಡ್ಡ ಲೀಗಿನವರು ಇನ್ನು ಮುಂದೆ ಕರಿಯರಿಗೆ ಹೊಸ ಕರಾರು ಕೊಡಬಾರದು ಅಂತ ಠರಾವು ಮಾಡಿದರು. 1888ರಲ್ಲಿ ತಮ್ಮ ವೆಲ್ಡಿ ಇನ್ನೊಂದು ಲೀಗಿನ ಅಧ್ಯಕ್ಷನಿಗೆ ಬಹಿರಂಗ ಪತ್ರ ಬರೆದು ಪೇಪರಿನಲ್ಲಿ ಹಾಕಿಸಿದ. ಬಣ್ಣ ನೋಡಬೇಡಿ, ಯೋಗ್ಯತೆ ನೋಡಿ ಅನ್ನೋದು ಅದರ ಸಾರ. ಆ ಪತ್ರದಿಂದ ಬಾಗಿಲು ತೆರೆಯಲಿಲ್ಲ. ದೊಡ್ಡ ಲೀಗಿನಲ್ಲಿ ಮತ್ತೆ ಒಬ್ಬ ಕರಿಯ ಆಡಿದ್ದು 1947ರ ಏಪ್ರಿಲ್ 15ರಂದು. ಹೆಸರು ಜ್ಯಾಕಿ ರಾಬಿನ್‌ಸನ್.

ಅಲ್ಲಿ ವೆಲ್ಡಿ, ಇಲ್ಲಿ ವಿಠ್ಠಲ. ಅಣ್ಣನಿಗಾದ ಅಪಮಾನಕ್ಕೆ ಬಾಯಾದ ತಮ್ಮಂದಿರು. 1946ರಲ್ಲಿ ಬಾಬಾಸಾಹೇಬರು ಕರಿಯರ ನಾಯಕ ಡು ಬೊಯಿಸ್ ಅವರಿಗೆ ಪತ್ರ ಬರೆದು ನಿಮ್ಮ ಸ್ಥಿತಿಗೂ ನಮ್ಮ ಸ್ಥಿತಿಗೂ ಹೋಲಿಕೆ ಇದೆ ಅಂದದ್ದು, 1972ರಲ್ಲಿ ಮುಂಬೈಯ ನಮ್ಮ ಹುಡುಗರು ಅಲ್ಲಿಯ ಪ್ಯಾಂಥರ್ ಹೆಸರನ್ನು ಇಟ್ಟುಕೊಂಡದ್ದು ಸುಮ್ಮನೆ ಅಲ್ಲ.

ಇನ್ನು ಕಷ್ಟದ ಮಾತು. ಇದನ್ನು ಮುಚ್ಚಿಟ್ಟು ಬರೀ ಹೊಗಳಿ ಹೋದರೆ ನಾವು ನಿಮಗೆ ಮೋಸ ಮಾಡಿದ ಹಾಗೆ. ಬಾಳೂ ಆಟ ಬಿಟ್ಟ ಮೇಲೆ ರಾಜಕಾರಣಕ್ಕೆ ಬಂದರು. ಗಾಂಧಿಯವರ ಕಡೆ ಒಲವು. 1932ರಲ್ಲಿ ನಮಗೆ ಪ್ರತ್ಯೇಕ ಮತಕ್ಷೇತ್ರ ಸಿಕ್ಕಿದಾಗ ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಬಾಳೂ ಬಾಬಾಸಾಹೇಬರ ಪರ ನಿಲ್ಲಲಿಲ್ಲ. ಎಂ.ಸಿ. ರಾಜಾ ಅವರ ಜೊತೆ ಸೇರಿ ಜಂಟಿ ಮತಕ್ಷೇತ್ರದ ಪರ ನಿಂತರು. ಸೆಪ್ಟೆಂಬರ್ 24ರ ಪುಣೆ ಒಪ್ಪಂದದಲ್ಲಿ ಅವರ ಸಹಿಯೂ ಇದೆ. ಪ್ರತ್ಯೇಕ ಮತಕ್ಷೇತ್ರ ಹೋಯಿತು. 71 ಸ್ಥಾನದ ಬದಲಿಗೆ 148 ಮೀಸಲು ಸ್ಥಾನ ಬಂದವು. ಮರುವರ್ಷ ಹಿಂದೂ ಮಹಾಸಭೆಯ ಟಿಕೆಟ್ಟಿನ ಮೇಲೆ ಮುಂಬೈ ಮುನಸಿಪಾಲ್ಟಿಗೆ ನಿಂತು ಸೋತರು. 1935ರಲ್ಲಿ ಬಾಬಾಸಾಹೇಬರು ಹಿಂದೂವಾಗಿ ಸಾಯಲಾರೆ ಅಂದಾಗ ಅದನ್ನೂ ಒಪ್ಪಲಿಲ್ಲ. 1937ರ ಚುನಾವಣೆಯಲ್ಲಿ ಮುಂಬೈಯಲ್ಲಿ ಕಾಂಗ್ರೆಸ್ ಟಿಕೆಟ್ಟಿನ ಮೇಲೆ ಬಾಬಾಸಾಹೇಬರ ಎದುರಿಗೇ ನಿಂತರು. ಬಾಬಾಸಾಹೇಬರಿಗೆ 13,245 ಮತ. ಬಾಳೂಗೆ 11,225. ಎರಡು ಸಾವಿರ ಚಿಲ್ಲರೆ ಮತದ ಅಂತರ. ಅದೇ ಚುನಾವಣೆಯಲ್ಲಿ ನಮ್ಮ ಬೆಳಗಾವಿ ಉತ್ತರದಿಂದ ಬಾಬಾಸಾಹೇಬರ ಸ್ವತಂತ್ರ ಮಜೂರ್ ಪಕ್ಷದ ಬಲವಂತರಾವ್ ವರಾಳೆಯವರು ಆರಿಸಿ ಬಂದರು ಅನ್ನೋದನ್ನೂ ಹೇಳಬೇಕು. ನಿಪ್ಪಾಣಿಯಲ್ಲಿ 1925ರಲ್ಲಿ ಬಾಬಾಸಾಹೇಬರು ನಡೆಸಿದ ಪರಿಷತ್ತಿನ ಬೀಜ ಇಲ್ಲಿ ಫಲ ಕೊಟ್ಟಿತು.

ಹಾಗಾದರೆ ಬಾಳೂ ದ್ರೋಹಿಯೇ? ಈ ಮಾತನ್ನು ನಮ್ಮೊಳಗೇ ಬಹಳ ಹೊತ್ತು ಜಗಳಾಡಿದ್ದೇವೆ. ಒಬ್ಬರು ಅಂದರು, ಬಾಬಾಸಾಹೇಬರ ಎದುರು ನಿಂತವರ ಹೆಸರನ್ನು ನಮ್ಮ ಸಭೆಯಲ್ಲಿ ಎತ್ತಲೇಬಾರದು. ಇನ್ನೊಬ್ಬರು ಅಂದರು, ಆಟದ ಬಾಳೂ ಬೇರೆ, ರಾಜಕಾರಣದ ಬಾಳೂ ಬೇರೆ. ನಮಗೆ ಎರಡೂ ಸರಿ ಕಾಣಲಿಲ್ಲ. ಇಬ್ಬರೂ ಒಬ್ಬರೇ ಮನುಷ್ಯ. ಪೆವಿಲಿಯನ್ನಿನ ಹೊರಗಿಂದ ಒಳಗಿನ ಮೇಜಿಗೆ ಬಂದ ದಾರಿಯನ್ನು ಅವರು ತಮ್ಮ ಕಾಲಿನಿಂದ ನಡೆದು ಬಂದಿದ್ದರು. ಹಿಂದೂಗಳ ಮನಸ್ಸು ಕರಗ್ತದೆ, ನನ್ನ ವಿಷಯದಲ್ಲಿ ಕರಗಿದೆ ಅಂತ ಅವರಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ. ಆದರೆ ಕರಗಿದ್ದು ಎಡಗೈ ಸ್ಪಿನ್ ಬಲ್ಲ ಒಬ್ಬನ ಸಲುವಾಗಿ. ಚೆಂಡು ಹಾಕಲಿಕ್ಕೆ ಬಾರದ, ಬರೀ ಚಪ್ಪಲಿ ಹೊಲಿಯುವ, ಬರೀ ಕೂಲಿ ಮಾಡುವ ಲಕ್ಷ ಲಕ್ಷ ಜನಕ್ಕೆ ಯಾವ ಮೇಜೂ ಹತ್ತಿರ ಬರಲಿಲ್ಲ. ಬಾಬಾಸಾಹೇಬರು ಕೇಳಿದ್ದು ಅವರ ಸಲುವಾಗಿ. ವಿಕೆಟ್ ತೆಗೆಯದವನಿಗೂ ಕೆರೆಯ ನೀರು ಸಿಗಬೇಕು ಅಂತ. ಬಾಳೂ ರಾಜಕಾರಣದಲ್ಲಿ ತಪ್ಪಿದರು ಅಂತ ನಾವು ಹೇಳ್ತೀವಿ. ತಪ್ಪಿದರು ಅಂದಮಾತ್ರಕ್ಕೆ ಅವರು ಕುಡಿದ ಮಣ್ಣಿನ ಕುಡಿಕೆಯ ಅಪಮಾನ ನಮ್ಮದಲ್ಲ ಅನ್ನಲಿಕ್ಕೆ ಬರೋದಿಲ್ಲ. ಅದು ನಮ್ಮದೇ.

ಬಾಳೂ ತೀರಿಕೊಂಡದ್ದು 1955ರ ಜುಲೈ 4ರಂದು ಮುಂಬೈಯಲ್ಲಿ. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅಷ್ಟೊತ್ತಿಗೆ ಅಣ್ಣತಮ್ಮಂದಿರ ಆಟದ ಕಾಲ ಮುಗಿದಿತ್ತು. ಹಾಗಾಗಿ ಟೆಸ್ಟ್ ಆಟಗಾರರ ಯಾದಿಯಲ್ಲಿ ಈ ನಾಲ್ವರಲ್ಲಿ ಒಬ್ಬರ ಹೆಸರೂ ಇಲ್ಲ. ಆದರೆ ವಿಠ್ಠಲ ಒಂದು ಕೆಲಸ ಮಾಡಿದರು. 1948ರಲ್ಲಿ ಮರಾಠಿಯಲ್ಲಿ ತಮ್ಮ ಕ್ರೀಡಾಜೀವನದ ಕಥೆ ಬರೆದು ಪ್ರಕಟಿಸಿದರು. ಆ ಪುಸ್ತಕ ಇಲ್ಲದಿದ್ದರೆ ಇವತ್ತು ನಾವು ಹೇಳಿದ್ದರಲ್ಲಿ ಎಷ್ಟೋ ಉಳಿಯುತ್ತಿರಲಿಲ್ಲ. ನಮ್ಮ ಕಥೆ ನಾವು ಬರೆಯದಿದ್ದರೆ ಬೇರೆಯವರು ಬರೆಯೋದಿಲ್ಲ, ಬರೆದರೂ ನೂರು ವರ್ಷ ತಡವಾಗಿ ಬರೀತಾರೆ.

ಕೊನೆಯ ಮಾತು ಹಾಸ್ಟೆಲ್ಲಿನದು. ಕೇಳಿದರೆ ಸಿಟ್ಟು ಬರಬಹುದು. ಬರಲಿ. ಊರಿನವರು ನಮಗೆ ಕಾಗದದ ಕಪ್ಪು ಕೊಟ್ಟರು ಅಂತ ಸಿಟ್ಟಾಗ್ತೀವಿ. ನಮ್ಮ ಹಾಸ್ಟೆಲ್ಲುಗಳಲ್ಲಿ ಊಟದ ಸಾಲು ನೋಡಿದ್ದೀರಾ? ಹೊಲೆಯರ ಹುಡುಗರು ಒಂದು ಕಡೆ, ಮಾದಿಗರ ಹುಡುಗರು ಒಂದು ಕಡೆ, ಸಮಗಾರ, ಡೋರ, ಭಂಗಿ ಹುಡುಗರು ಇನ್ನೊಂದು ಕಡೆ. ಯಾರೂ ಕೂರಿಸಿಲ್ಲ, ತಾವೇ ಹೋಗಿ ಕೂರ್ತಾರೆ. ನೀರಿನ ಚಂಬು ದಾಟುವಾಗ ಒಂದು ಕ್ಷಣ ಕೈ ತಡೀತದೆ. ಆ ತಡೆಯುವ ಕೈ ಯಾರದು? ಪುಣೆಯ ಆ ಪೆವಿಲಿಯನ್ನಿನದೇ. 1937ರಲ್ಲಿ ನಮ್ಮ ಎರಡು ದೊಡ್ಡ ಹೆಸರುಗಳನ್ನು ಎದುರುಬದುರು ನಿಲ್ಲಿಸಿ ಆಟ ನೋಡಿದವರು ಬೇರೆಯವರು. ಒಬ್ಬರು ಮಹಾರ, ಒಬ್ಬರು ಚಮ್ಮಾರ. ಆ ಆಟ ಇವತ್ತಿಗೂ ನಡೆದಿದೆ. ಚುನಾವಣೆ ಬಂದಾಗೊಮ್ಮೆ ನಡೀತದೆ.

ಆದ್ದರಿಂದ ನಾವು ಕೇಳೋದು ಎರಡೇ. ಒಂದು, ನಾಳೆಯಿಂದ ನಿಮ್ಮ ಊಟದ ಸಾಲು ಕಲೆಸಿ. ಯಾರ ಪಕ್ಕ ಯಾರು ಅಂತ ನೋಡದೆ ಕೂತು ಉಣ್ಣಿ. ಒಂದೇ ಚಂಬಿನಿಂದ ನೀರು ಕುಡೀರಿ. ಇದಕ್ಕೆ ಸರ್ಕಾರದ ಆರ್ಡರ್ ಬೇಕಿಲ್ಲ, ವಾರ್ಡನ್ ಪರ್ಮಿಶನ್ ಬೇಕಿಲ್ಲ. ಎರಡು, ಯಾವ ಊರಿಗೆ ಆಡಲಿಕ್ಕೆ ಹೋದರೂ ಮೊದಲೇ ಕೇಳಿ: ಚಹಾ ಯಾವುದರಲ್ಲಿ ಕೊಡ್ತೀರಿ? ಊಟ ಎಲ್ಲಿ ಹಾಕ್ತೀರಿ? ಎಲ್ಲರಿಗೂ ಒಂದೇ ಅಂದರೆ ಆಡಿ, ಗೆಲ್ಲಿ. ಇಲ್ಲಾಂದರೆ ವಿಠ್ಠಲ, ಶಿವರಾಮ ಮಾಡಿದ್ದನ್ನು ಮಾಡಿ. ಹನ್ನೊಂದು ಜನವೂ ಒಟ್ಟಿಗೆ ಮೈದಾನ ಬಿಟ್ಟು ಬನ್ನಿ. ಯಾಕೆ ಬಿಟ್ಟು ಬಂದಿರಿ ಅನ್ನೋದನ್ನು ಊರಿಗೆ ಕೇಳುವ ಹಾಗೆ ಹೇಳಿ ಬನ್ನಿ.

ಮಲಪ್ರಭೆಯ ದಂಡೆಯಲ್ಲಿ ಉಣ್ಣದೆ ಕೂತಿದ್ದ ಆ ಹುಡುಗನಿಗೆ ಅವತ್ತು ನಾವು ಕೊಡಲಾರದೆ ಹೋದ ಉತ್ತರ ಇದು. ಆ ಪಾರ್ಸಲ್ಲನ್ನು ನಾವು ಅವತ್ತು ಸುಮ್ಮನೆ ತೆಗೆದುಕೊಂಡು ಬಂದೆವು. ನೀವು ತೆಗೆದುಕೊಳ್ಳಬೇಡಿ.

ಜೈ ಭೀಮ್.